ಕ್ಯಾಲೊರಿ ಲೆಕ್ಕದ ತಂತ್ರಾಂಶ: ಯೋಜನೆಯ ಒಂದು ಪಾಠ

ಅರ್ಥಶಾಸ್ತ್ರವನ್ನು ಬೋಧಿಸುವ ನಾನು ತಂತ್ರಾಂಶವನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕ್ಯಾಲೊರಿ ಎಂಬ ಮಾತು ವೈದ್ಯರಿಗೆ ಎಷ್ಟು ಸೇರಿದುದೋ ಅರ್ಥಶಾಸ್ತ್ರಜ್ಞರಿಗೂ ಅಷ್ಟೇ ಸೇರಿದುದು. ನಮ್ಮ ದೇಶದ ಬಡತನವನ್ನು ಅಳೆಯಹೊರಟವರು ಕೈಗೆತ್ತಿಕೊಂಡ ಅಳತೆಗೋಲುಗಳಲ್ಲಿ ಇದೂ ಒಂದು. 1971ರಲ್ಲಿ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ ಅವರು ತಲೆಗೆ ದಿನಕ್ಕೆ 2,250 ಕ್ಯಾಲೊರಿಯನ್ನು ಆಧಾರವಾಗಿಟ್ಟುಕೊಂಡು ಬಡತನದ ರೇಖೆಯನ್ನೆಳೆದರು. 1979ರಲ್ಲಿ ಅಂದಿನ ಯೋಜನಾ ಆಯೋಗದ ಕಾರ್ಯಪಡೆಯು ಹಳ್ಳಿಗಳಿಗೆ 2,400, ಪಟ್ಟಣಗಳಿಗೆ 2,100 ಎಂದು ಗೊತ್ತುಮಾಡಿತು. ಎಂದರೆ, ನಮ್ಮ ಅರ್ಥಶಾಸ್ತ್ರಜ್ಞರು ಕ್ಯಾಲೊರಿಯನ್ನು ಎಣಿಸಿದ್ದು ‘ಯಾರಿಗೆ ಸಾಲದು?’ ಎಂದು ತಿಳಿಯುವುದಕ್ಕಾಗಿ.

ಇನ್ನೊಂದು ಪರಂಪರೆಯೂ ಉಂಟು. 1918ರಲ್ಲಿ ಅಮೆರಿಕದ ವೈದ್ಯೆ ಲೂಲು ಹಂಟ್ ಪೀಟರ್ಸ್ ಅವರು ಬರೆದ ‘ಡಯಟ್ ಅಂಡ್ ಹೆಲ್ತ್’ ಎಂಬ ಪುಸ್ತಕವು, ತೂಕವನ್ನು ಇಳಿಸಬಯಸುವವರು ಊಟವನ್ನು ಕ್ಯಾಲೊರಿಗಳಲ್ಲಿ ಎಣಿಸಬೇಕೆಂಬ ಅಭ್ಯಾಸವನ್ನು ಮನೆಮನೆಗೆ ಹಬ್ಬಿಸಿತು. ಅಲ್ಲಿಯ ಪ್ರಶ್ನೆ ‘ಯಾರಿಗೆ ಹೆಚ್ಚಾಯಿತು?’ ಎಂಬುದು. ಇಂದು ಮೊಬೈಲಿನಲ್ಲಿ ದೊರೆಯುವ ಆ್ಯಪ್‌ಗಳಲ್ಲಿ ಬಹುಪಾಲು ಈ ಎರಡನೆಯ ಪರಂಪರೆಗೆ ಸೇರಿದವು. ಅಂಕಿ ಒಂದೇ, ಪ್ರಶ್ನೆ ಎರಡು. ತಂತ್ರಾಂಶದ ಯೋಜನೆ ಆರಂಭವಾಗುವುದು ಯಂತ್ರದ ಮುಂದೆ ಕುಳಿತಾಗಲಲ್ಲ, ಈ ಪ್ರಶ್ನೆಯನ್ನು ಆರಿಸಿಕೊಂಡಾಗ. ಇದೇ ಈ ಲೇಖನದ ತಾತ್ಪರ್ಯ.

ಹೋದ ವರ್ಷ ನಮ್ಮ ತರಗತಿಯ ಆರು ಮಂದಿ ವಿದ್ಯಾರ್ಥಿಗಳು ಕನ್ನಡದಲ್ಲಿಯೇ ಕೆಲಸಮಾಡುವ ಒಂದು ಕ್ಯಾಲೊರಿ ತಂತ್ರಾಂಶವನ್ನು ರಚಿಸಬೇಕೆಂದು ಉತ್ಸಾಹಪಟ್ಟರು. ಅವರಲ್ಲಿ ಇಬ್ಬರಿಗೆ ಪೈಥಾನ್ ಭಾಷೆಯ ಪರಿಚಯ ತಕ್ಕಮಟ್ಟಿಗೆ ಇತ್ತು. ಹದಿನೈದು ದಿನಗಳ ಕಾಲ ಯಂತ್ರವನ್ನು ಮುಟ್ಟದೆ, ಕಾಗದದ ಮೇಲೆಯೇ ಯೋಜನೆ ಮಾಡುವುದೆಂದು ನಾವೆಲ್ಲರೂ ಒಪ್ಪಿಕೊಂಡೆವು. ಆ ಚರ್ಚೆಯ ಸಾರವನ್ನು ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತೇನೆ. ಕಂಪ್ಯೂಟರನ್ನು ಓದದ ಕಲಾ ವಿದ್ಯಾರ್ಥಿಗಳಿಗೂ ಇದು ಅರ್ಥವಾಗುವುದೆಂದು ನಂಬಿದ್ದೇನೆ. ಯೋಜನೆಗೆ ಬೇಕಾದುದು ಮುಖ್ಯವಾಗಿ ವಿವೇಚನೆ. ಯಂತ್ರದ ಭಾಷೆ ಆಮೇಲಿನದು.

1. ಮಾನ ಯಾವುದು?

ಯಾವುದನ್ನೇ ಆಗಲಿ ಎಣಿಸುವ ಮೊದಲು ಅಳತೆಯ ಮಾನವನ್ನು ನಿಷ್ಕರ್ಷೆ ಮಾಡಿಕೊಳ್ಳಬೇಕು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಆಹಾರಶಾಸ್ತ್ರದ ಒಂದು ಕ್ಯಾಲೊರಿ. 1820ರ ಸುಮಾರಿನಲ್ಲಿ ಪ್ಯಾರಿಸ್ಸಿನಲ್ಲಿ ಉಪನ್ಯಾಸ ಮಾಡುತ್ತಿದ್ದ ನಿಕೊಲಾ ಕ್ಲೆಮಾಂ ಅವರು ಈ ಹೆಸರನ್ನು ಬಳಸಿದರು. ಆಗ ಅದು ಅಡುಗೆಮನೆಯ ಮಾತಾಗಿರಲಿಲ್ಲ, ಉಗಿಯಂತ್ರದ ಮಾತಾಗಿತ್ತು. ಭೌತವಿಜ್ಞಾನದ ಸಣ್ಣ ಕ್ಯಾಲೊರಿ ಬೇರೆ. ಅದು ಒಂದು ಗ್ರಾಂ ನೀರಿಗೆ ಸಂಬಂಧಿಸಿದುದು. ಆದುದರಿಂದ ಆಹಾರದ ಒಂದು ಕ್ಯಾಲೊರಿಯೆಂದರೆ ಸಾವಿರ ಸಣ್ಣ ಕ್ಯಾಲೊರಿ. ಪುಸ್ತಕಗಳಲ್ಲಿ ಇದನ್ನೇ ಕಿಲೊಕ್ಯಾಲೊರಿ ಎಂದು ಬರೆಯುತ್ತಾರೆ. ಈ ಲೇಖನದಲ್ಲಿ ಕ್ಯಾಲೊರಿ ಎಂದಾಗಲೆಲ್ಲ ಕಿಲೊಕ್ಯಾಲೊರಿ ಎಂದೇ ತಿಳಿಯತಕ್ಕದ್ದು.

ಊಟದಲ್ಲಿ ಎಷ್ಟು ಕ್ಯಾಲೊರಿ ಇದೆ ಎಂಬುದನ್ನು ಕಂಡುಹಿಡಿಯುವ ಮಾರ್ಗವನ್ನು ಸುಗಮಗೊಳಿಸಿದವರು ಅಮೆರಿಕದ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಅವರೂ ಸಹೋದ್ಯೋಗಿಗಳೂ ಕೂಡಿ, ಮನುಷ್ಯನೊಬ್ಬನು ಕೆಲವು ದಿನ ಒಳಗೇ ಇದ್ದು ಉಂಡು ಮಲಗಬಹುದಾದ ಒಂದು ಕೋಣೆಯನ್ನು ಕಟ್ಟಿ, ಅವನ ದೇಹದಿಂದ ಹೊರಬೀಳುವ ಶಾಖವನ್ನು ಅಳೆದರು. ಅವರ ಪ್ರಯೋಗಗಳಿಂದ ನಮಗೆ ದೊರೆತಿರುವ ಸೂತ್ರ ಸರಳವಾದುದು: ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9, ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4 ಕ್ಯಾಲೊರಿ. ಉದಾಹರಣೆಗೆ ರಾಗಿಯನ್ನು ತೆಗೆದುಕೊಳ್ಳೋಣ. ನೂರು ಗ್ರಾಂ ರಾಗಿಯಲ್ಲಿ 7.3 ಗ್ರಾಂ ಪ್ರೋಟೀನು, 1.3 ಗ್ರಾಂ ಕೊಬ್ಬು, 72 ಗ್ರಾಂ ಶರ್ಕರಪಿಷ್ಟ ಇದೆಯೆಂದು ನಮ್ಮ ಹಳೆಯ ಕೋಷ್ಟಕ ಹೇಳುತ್ತದೆ. ಕ್ರಮವಾಗಿ ಗುಣಿಸಿದರೆ 29.2, 11.7, 288, ಕೂಡಿದರೆ ಸುಮಾರು 329. ಕೋಷ್ಟಕದಲ್ಲಿ ಮುದ್ರಿತವಾಗಿರುವುದು 328. ಲೆಕ್ಕ ತಾಳೆಬಿತ್ತು. ತಂತ್ರಾಂಶಕ್ಕೆ ಸೇರಿಸುವ ಪ್ರತಿಯೊಂದು ಆಹಾರದ ಅಂಕಿಯನ್ನೂ ಹೀಗೆ ಒಮ್ಮೆ ತಾಳೆ ನೋಡುವ ಏರ್ಪಾಡು ಇರಬೇಕು. ಅಂಕಿಯನ್ನು ಬೆರಳಚ್ಚು ಮಾಡುವಾಗ 328 ಎಂಬುದು 382 ಆಗಿಬಿಟ್ಟರೆ, ಅದನ್ನು ಹಿಡಿದುಕೊಡುವುದು ಈ ಸೂತ್ರವೇ.

2. ಅಂಕಿ ಎಲ್ಲಿಂದ ಬಂತು?

ಭಾರತದ ಆಹಾರಗಳ ಅಂಕಿಗಳಿಗೆ ಒಂದು ಇತಿಹಾಸವಿದೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಬೆರಿಬೆರಿ ರೋಗವನ್ನು ಕುರಿತು ಆರಂಭಿಸಿದ ಸಣ್ಣ ಸಂಶೋಧನಾ ಘಟಕವು ಬೆಳೆದು, 1958ರಲ್ಲಿ ಹೈದರಾಬಾದಿಗೆ ವರ್ಗವಾಗಿ, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ಕೂನೂರಿನ ದಿನಗಳಲ್ಲಿಯೇ, 1937ರಲ್ಲಿ, ಡಬ್ಲ್ಯು. ಆರ್. ಐಕ್ರಾಯ್ಡ್ ಅವರು ಭಾರತೀಯ ಆಹಾರಗಳ ಪೌಷ್ಟಿಕ ಬೆಲೆಯ ಕೋಷ್ಟಕವನ್ನು ಪ್ರಕಟಿಸಿದರು. 1971ರಲ್ಲಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರ ಕೋಷ್ಟಕವು ಹೊರಬಂದು ಹಲವು ದಶಕಗಳ ಕಾಲ ಎಲ್ಲರಿಗೂ ಆಧಾರಗ್ರಂಥವಾಯಿತು. 2017ರಲ್ಲಿ ಅದೇ ಸಂಸ್ಥೆಯು ದೇಶದ ಆರು ವಲಯಗಳಿಂದ ಮಾದರಿಗಳನ್ನು ತರಿಸಿ, 528 ಆಹಾರಗಳನ್ನು ಹೊಸದಾಗಿ ಪರೀಕ್ಷಿಸಿ, ಹೊಸ ಕೋಷ್ಟಕವನ್ನು ಕೊಟ್ಟಿತು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, 2017ರ ಕೋಷ್ಟಕವು ಶಕ್ತಿಯನ್ನು ಕ್ಯಾಲೊರಿಯಲ್ಲಿ ಕೊಡುವುದಿಲ್ಲ, ಕಿಲೊಜೂಲ್‌ನಲ್ಲಿ ಕೊಡುತ್ತದೆ. ಅಲ್ಲಿ ರಾಗಿಯ ಮುಂದೆ 1,342 ಎಂದಿದೆ. ಅದನ್ನು ಕ್ಯಾಲೊರಿಯೆಂದೇ ಬಗೆದು ತಂತ್ರಾಂಶಕ್ಕೆ ತುಂಬಿದರೆ ಒಂದು ಮುದ್ದೆಯಿಂದ ಇಡೀ ಮನೆಯ ಹೊಟ್ಟೆ ತುಂಬಿದಂತೆ ಲೆಕ್ಕ ಬರುತ್ತದೆ! 4.184ರಿಂದ ಭಾಗಿಸಿದಾಗ ದೊರೆಯುವುದು ಸುಮಾರು 321. ಆದಕಾರಣ ತಂತ್ರಾಂಶದ ಒಳಗೆ ಒಂದೇ ಮಾನವಿರಬೇಕು. ಹೊರಗಿನಿಂದ ಬರುವ ಪ್ರತಿಯೊಂದು ಅಂಕಿಯೂ ಬಾಗಿಲಲ್ಲಿಯೇ ಆ ಮಾನಕ್ಕೆ ಪರಿವರ್ತನೆ ಹೊಂದಿ ಒಳಗೆ ಬರತಕ್ಕದ್ದು.

ಎರಡನೆಯದು, ರಾಗಿಗೆ 1971ರ ಕೋಷ್ಟಕ 328 ಎನ್ನುತ್ತದೆ, 2017ರದು 321 ಎನ್ನುತ್ತದೆ. ಇವುಗಳಲ್ಲಿ ಒಂದು ಸುಳ್ಳು, ಇನ್ನೊಂದು ನಿಜ ಎಂದು ತಿಳಿಯಬಾರದು. ಮಾದರಿ, ತಳಿ, ಪರೀಕ್ಷಾಕ್ರಮ ಇವುಗಳು ಬದಲಾದಂತೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ. ಹೀಗಿರುವಾಗ ತಂತ್ರಾಂಶವು ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಕೋಷ್ಟಕದ್ದು, ಯಾವ ವರ್ಷದ್ದು ಎಂಬುದನ್ನು ಬರೆದಿಟ್ಟುಕೊಂಡಿರಬೇಕು. ಮೂಲ ತಿಳಿಯದ ಅಂಕಿ ವಿಳಾಸವಿಲ್ಲದ ಕಾಗದವಿದ್ದಂತೆ. ಪ್ರಶ್ನೆ ಬಂದಾಗ ಯಾರ ಬಳಿಗೆ ಹೋಗಬೇಕೆಂಬುದೇ ತಿಳಿಯುವುದಿಲ್ಲ. ಈ ಲೇಖನದ ಲೆಕ್ಕಗಳಿಗೆಲ್ಲ ನಾನು 1971ರ ಅಂಕಿಗಳನ್ನೇ ಬಳಸಿದ್ದೇನೆ.

3. ಸೌಟು ಮತ್ತು ಗ್ರಾಂ

ಕೋಷ್ಟಕವು ಗ್ರಾಂಗಳಲ್ಲಿ ಮಾತನಾಡುತ್ತದೆ. ಉಣ್ಣುವವನು ಸೌಟು, ಬಟ್ಟಲು, ಹಿಡಿ, ಮುದ್ದೆಗಳಲ್ಲಿ ಮಾತನಾಡುತ್ತಾನೆ. ದಶಮಾನ ತೂಕವನ್ನು ವಿಧಿಸುವ ಕಾನೂನು 1956ರಲ್ಲಿಯೇ ಆಯಿತು. ಆದರೂ ಅಕ್ಕಿಯನ್ನು ಪಾವಿನಲ್ಲಿ ಅಳೆಯುವ ಮನೆಗಳು ಈಗಲೂ ಇವೆ. ತಂತ್ರಾಂಶದ ಕಠಿಣವಾದ ಭಾಗ ಕೂಡುವುದೂ ಅಲ್ಲ, ಗುಣಿಸುವುದೂ ಅಲ್ಲ. ಈ ಎರಡು ಭಾಷೆಗಳ ನಡುವೆ ಸೇತುವೆ ಕಟ್ಟುವುದು.

‘ಒಂದು ಲೋಟಕ್ಕೆ 200 ಗ್ರಾಂ’ ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಸಾಲದೆ ಎಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಸಾಲದು. ಲೋಟದ ತುಂಬ ನೀರು ಹಾಕಿದಾಗಿನ ತೂಕವೇ ಬೇರೆ, ರಾಗಿಹಿಟ್ಟು ಹಾಕಿದಾಗಿನ ತೂಕವೇ ಬೇರೆ, ಅವಲಕ್ಕಿ ಹಾಕಿದಾಗಿನ ತೂಕವೇ ಬೇರೆ. ಆದುದರಿಂದ ಅಳತೆಯ ಕೋಷ್ಟಕದಲ್ಲಿ ಆಹಾರ, ಪಾತ್ರೆ ಎರಡೂ ಜೋಡಿಯಾಗಿರಬೇಕು. ಮೇಲಾಗಿ, ಒಬ್ಬರ ಮನೆಯ ಲೋಟ ಇನ್ನೊಬ್ಬರ ಮನೆಯ ಲೋಟವಲ್ಲ. ಇದಕ್ಕೆ ಒಂದು ಸುಲಭೋಪಾಯವಿದೆ. ಒಂದು ಲೀಟರಿನ ಬಾಟಲಿಯ ನೀರು ಮನೆಯ ಲೋಟದಲ್ಲಿ ಎಷ್ಟು ಸಲ ತುಂಬುತ್ತದೆಂದು ಎಣಿಸಬೇಕು. ಐದು ಸಲವಾದರೆ ಲೋಟದ ಗಾತ್ರ 200 ಮಿಲಿಲೀಟರು. ಸೌಟಿಗೂ ಹಾಗೆಯೇ. ತಂತ್ರಾಂಶವು ಮೊದಲ ದಿನ ಇಷ್ಟನ್ನು ಕೇಳಿ ತಿಳಿದುಕೊಂಡರೆ ಮುಂದೆ ಎಲ್ಲವೂ ಆ ಮನೆಯ ಅಳತೆಯಲ್ಲಿಯೇ ನಡೆಯುತ್ತದೆ. ತೂಕದ ಯಂತ್ರವನ್ನು ಕೊಂಡುತನ್ನಿ ಎಂದು ಬಡವರ ಮಕ್ಕಳಿಗೆ ಹೇಳಬೇಕಾಗಿಲ್ಲ.

ಬೇಯಿಸಿದ ಆಹಾರದಲ್ಲಿ ಮತ್ತೊಂದು ತೊಡಕು. ನೂರು ಗ್ರಾಂ ಹಿಟ್ಟಿನಿಂದ ತೊಳೆಸಿದ ಮುದ್ದೆ 280 ಗ್ರಾಂ ತೂಗಿತೆಂದು ಇಟ್ಟುಕೊಳ್ಳೋಣ. ಹೆಚ್ಚಿದ 180 ಗ್ರಾಂ ನೀರು, ನೀರಿಗೆ ಕ್ಯಾಲೊರಿಯಿಲ್ಲ. 328 ಕ್ಯಾಲೊರಿ 280 ಗ್ರಾಂಗಳಲ್ಲಿ ಹರಡಿಕೊಂಡಿದೆ; ಎಂದರೆ ನೂರು ಗ್ರಾಂ ಮುದ್ದೆಗೆ ಕೇವಲ 117. ಹಸಿಯ ಅಂಕಿಯನ್ನು ಬೆಂದುದಕ್ಕೆ ಹಾಕಿದರೆ ಲೆಕ್ಕ ಮೂರುಪಟ್ಟಿಗೆ ಹತ್ತಿರವಾಗುತ್ತದೆ. ಹಸಿ, ಬೇಯಿಸಿದ್ದು ಎಂಬ ಗುರುತು ಪ್ರತಿ ಸಾಲಿನಲ್ಲಿಯೂ ಇರಲೇಬೇಕು.

ಸಾರು, ಹುಳಿ, ಪಲ್ಯಗಳಿಗೆ ಪಾಕದ ಲೆಕ್ಕ ಬೇಕು. ಒಂದು ಪಾತ್ರೆ ಹುಳಿಗೆ ತೊಗರಿಬೇಳೆ 100 ಗ್ರಾಂ (335), ಎಣ್ಣೆ 15 ಗ್ರಾಂ (135), ಹಸಿ ತೆಂಗಿನಕಾಯಿ 30 ಗ್ರಾಂ (133), ಬದನೆಕಾಯಿ 200 ಗ್ರಾಂ (48) ಹಾಕಿದರೆ ಒಟ್ಟು 651 ಕ್ಯಾಲೊರಿ. ಎಂಟು ಸೌಟು ಹುಳಿಯಾದರೆ ಸೌಟಿಗೆ ಸುಮಾರು 81. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸಾರ್, ಎಂಟೂ ಸೌಟು ಒಂದೇ ಸಮ ಇರುವುದಿಲ್ಲ. ಮೊದಲು ಕೂತವರಿಗೆ ಗಟ್ಟಿ ಬೀಳುತ್ತದೆ, ಕೊನೆಗೆ ಉಣ್ಣುವ ಅಮ್ಮನಿಗೆ ತಿಳಿ ಮಾತ್ರ ಉಳಿಯುತ್ತದೆ” ಎಂದಳು. ತರಗತಿ ಒಂದು ಕ್ಷಣ ಮೌನವಾಯಿತು. ಅವಳ ಮಾತಿನಿಂದ ಯೋಜನೆಯಲ್ಲಿ ಒಂದು ಅಂಕಣ ಹೆಚ್ಚಾಯಿತು: ಗಟ್ಟಿ, ಸಾಧಾರಣ, ತಿಳಿ. ಸರಾಸರಿ ಎಂಬುದು ಯಾರನ್ನು ಮರೆಮಾಡುತ್ತದೆ ಎಂಬುದನ್ನು ನಾನು ಅರ್ಥಶಾಸ್ತ್ರದಲ್ಲಿ ಎಷ್ಟೋ ಗಂಟೆ ವಿವರಿಸಿದ್ದೇನೆ. ಆ ಹುಡುಗಿ ಅದನ್ನು ಎರಡು ವಾಕ್ಯಗಳಲ್ಲಿ ಹೇಳಿದಳು.

4. ಕಿರ್ದಿ ಮತ್ತು ಖಾತೆ

ಈಗ ಸಂಗ್ರಹದ ವಿಚಾರಕ್ಕೆ ಬರೋಣ. ಹಳೆಯ ವ್ಯಾಪಾರಿಗಳು ಎರಡು ಪುಸ್ತಕಗಳನ್ನು ಇಡುತ್ತಿದ್ದರು. ನಡೆದ ವ್ಯವಹಾರವನ್ನು ನಡೆದಂತೆಯೇ ದಿನವಹಿಯಾಗಿ ಬರೆಯುವುದು ಕಿರ್ದಿ. ಅದರಿಂದ ಆಯ್ದು ಲೆಕ್ಕಮಾಡಿ ಬರೆಯುವುದು ಖಾತೆ. ಖಾತೆಯನ್ನು ಕಿರ್ದಿಯಿಂದ ಎಷ್ಟು ಸಲ ಬೇಕಾದರೂ ಹೊಸದಾಗಿ ಬರೆಯಬಹುದು. ಕಿರ್ದಿ ಹೋದರೆ ಎಲ್ಲವೂ ಹೋಯಿತು. ನಮ್ಮ ತಂತ್ರಾಂಶಕ್ಕೂ ಇದೇ ನಿಯಮ.

ವಿದ್ಯಾರ್ಥಿಗಳು ಕೊನೆಗೆ ಐದು ಕೋಷ್ಟಕಗಳನ್ನು ಗೊತ್ತುಮಾಡಿದರು. ಮೊದಲನೆಯದು ಆಹಾರ: ಹೆಸರು, ಹಸಿಯೋ ಬೇಯಿಸಿದ್ದೋ, ನೂರು ಗ್ರಾಂಗೆ ಕ್ಯಾಲೊರಿ, ಮೂಲ, ವರ್ಷ. ಎರಡನೆಯದು ಅಳತೆ: ಯಾವ ಆಹಾರ, ಯಾವ ಪಾತ್ರೆ, ಎಷ್ಟು ಗ್ರಾಂ. ಮೂರನೆಯದು ಪಾಕ: ಯಾವ ಅಡುಗೆಗೆ ಯಾವ ಪದಾರ್ಥ ಎಷ್ಟು. ನಾಲ್ಕನೆಯದು ವ್ಯಕ್ತಿ: ಹುಟ್ಟಿದ ದಿನಾಂಕ, ಎತ್ತರ, ತೂಕ, ಕೆಲಸದ ಬಗೆ. ಐದನೆಯದೇ ಕಿರ್ದಿ: ಯಾರು, ಯಾವಾಗ, ಏನು, ಎಷ್ಟು ಅಳತೆ.

ಗಮನಿಸಬೇಕಾದ ಅಂಶವೇನೆಂದರೆ, ಕಿರ್ದಿಯಲ್ಲಿ ಕ್ಯಾಲೊರಿಯ ಅಂಕಣವೇ ಇಲ್ಲ. ‘ಒಂದು ಮುದ್ದೆ, ಎರಡು ಸೌಟು ಸಾರು’ ಎಂದು ಉಂಡವನು ಹೇಳಿದ್ದು ಮಾತ್ರ ಅಲ್ಲಿರುತ್ತದೆ. ಕ್ಯಾಲೊರಿಯು ಖಾತೆಗೆ ಸೇರಿದುದು. ಕೇಳಿದಾಗ ಲೆಕ್ಕಮಾಡಿ ತೋರಿಸತಕ್ಕದ್ದು. ನಾಳೆ ಕೋಷ್ಟಕದಲ್ಲಿ ರಾಗಿಯ ಅಂಕಿ 328ರಿಂದ 321ಕ್ಕೆ ಬದಲಾದರೆ, ಅಥವಾ ಮನೆಯ ಸೌಟನ್ನು ಇನ್ನೊಮ್ಮೆ ಅಳೆದು ಸರಿಪಡಿಸಿದರೆ, ಹಿಂದಿನ ಎಲ್ಲ ದಿನಗಳ ಲೆಕ್ಕವೂ ತಾನಾಗಿ ಸರಿಹೋಗುತ್ತದೆ. ಉಂಡದ್ದು ಸತ್ಯ, ಕ್ಯಾಲೊರಿ ಅಂದಾಜು. ಸತ್ಯವನ್ನೂ ಅಂದಾಜನ್ನೂ ಒಂದೇ ಅಂಕಣದಲ್ಲಿ ಬೆರೆಸಬಾರದು.

ಅಂದಾಜನ್ನು ಅಂದಾಜಿನಂತೆಯೇ ತೋರಿಸಬೇಕೆಂಬುದೂ ಇದರಿಂದಲೇ ಹೊರಡುತ್ತದೆ. ಸೌಟಿನಿಂದ ಅಳೆದ ಊಟಕ್ಕೆ ‘1002.5’ ಎಂದು ಉತ್ತರ ಕೊಡುವುದು ಪಾಂಡಿತ್ಯದ ಸೋಗು. ಒಳಗೆ ದಶಾಂಶಗಳು ಇರಲಿ. ಹೊರಗೆ ‘ಸುಮಾರು 1,000’ ಎಂದು ತೋರಿಸಿದರೆ ಸಾಕು. ಪ್ರತಿ ಸಾಲನ್ನೂ ದುಂಡಗೆ ಮಾಡಿ ಆಮೇಲೆ ಕೂಡಬಾರದು. ಎಲ್ಲವನ್ನೂ ಕೂಡಿ ಕೊನೆಯಲ್ಲಿ ಒಮ್ಮೆ ದುಂಡಗೆ ಮಾಡಬೇಕು.

5. ಒಂದು ಆಹಾರ, ಹಲವು ಹೆಸರು

ಕನ್ನಡದಲ್ಲಿ ತಂತ್ರಾಂಶ ಎಂದ ಕೂಡಲೇ, ಯಾವ ಊರಿನ ಕನ್ನಡ ಎಂಬ ಪ್ರಶ್ನೆ ಏಳುತ್ತದೆ. ಮೈಸೂರು ಸೀಮೆಯವರ ಮುಸುಕಿನ ಜೋಳವೇ ಉತ್ತರದವರ ಗೋವಿನಜೋಳ, ಮೆಕ್ಕೆಜೋಳವೆಂದರೂ ಅದೇ. ಒಬ್ಬರ ಕಡಲೆಕಾಯಿ ಇನ್ನೊಬ್ಬರ ಶೇಂಗಾ. ಆಹಾರದ ಕೋಷ್ಟಕದಲ್ಲಿ ಒಂದೇ ಹೆಸರಿಟ್ಟು, ಉಳಿದವರು ಅದನ್ನು ಕಲಿಯಲಿ ಎನ್ನುವುದು ನ್ಯಾಯವಲ್ಲ. ಹೆಸರುಗಳಿಗೇ ಒಂದು ಪ್ರತ್ಯೇಕ ಪಟ್ಟಿ ಮಾಡಿ, ಎಲ್ಲ ಹೆಸರುಗಳೂ ಒಂದೇ ಆಹಾರವನ್ನು ತೋರಿಸುವಂತೆ ಮಾಡಬೇಕು. ಹಾಗೆಯೇ ಒಬ್ಬನು 2 ಎಂದು ಬರೆಯಬಹುದು, ಇನ್ನೊಬ್ಬನು ೨ ಎಂದು ಬರೆಯಬಹುದು. ಯಂತ್ರದ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ ಅಕ್ಷರಗಳು. ಮನುಷ್ಯನಿಗೆ ಒಂದೇ ಸಂಖ್ಯೆ. ಇಲ್ಲಿ ಯಂತ್ರವೇ ಮನುಷ್ಯನಿಗೆ ಹೊಂದಿಕೊಳ್ಳಬೇಕು.

6. ಬರೆಯದ ದಿನ, ಉಣ್ಣದ ದಿನ

ಕಿರ್ದಿಯಲ್ಲಿ ಒಂದು ದಿನದ ಪುಟ ಖಾಲಿಯಾಗಿದೆ ಎಂದುಕೊಳ್ಳಿ. ಅದರ ಅರ್ಥವೇನು? ಆ ದಿನ ಬರೆಯಲು ಮರೆತಿರಬಹುದು. ಅಥವಾ ಏಕಾದಶಿಯೆಂದು ಉಪವಾಸವಿದ್ದಿರಬಹುದು. ಮೊದಲನೆಯದಕ್ಕೆ ಬೆಲೆಯೇ ತಿಳಿಯದು. ಎರಡನೆಯದಕ್ಕೆ ಬೆಲೆ ಸೊನ್ನೆ. ತಿಳಿಯದುದನ್ನು ಸೊನ್ನೆಯೆಂದು ಬಗೆಯುವುದು ಅಂಕಿಅಂಶಗಳಲ್ಲಿ ಮೇಲಿಂದ ಮೇಲೆ ಕಾಣುವ ದೋಷ. ಒಬ್ಬನು ಏಳು ದಿನಗಳಲ್ಲಿ ಐದು ದಿನ ಮಾತ್ರ ಬರೆದು, ಒಟ್ಟು 9,000 ಕ್ಯಾಲೊರಿ ಆಗಿದ್ದರೆ, ಐದರಿಂದ ಭಾಗಿಸಿದಾಗ ಸರಾಸರಿ 1,800. ಏಳರಿಂದ ಭಾಗಿಸಿದಾಗ 1,286. ಎರಡನೆಯ ಅಂಕಿಯನ್ನು ನೋಡಿದ ವೈದ್ಯರು ಇಲ್ಲದ ಹಸಿವನ್ನು ಕಂಡಾರು. ಆದಕಾರಣ ‘ಇಂದು ಏನೂ ತಿನ್ನಲಿಲ್ಲ’ ಎಂದು ಹೇಳುವುದಕ್ಕೆ ಪ್ರತ್ಯೇಕವಾದ ಗುಂಡಿಯೇ ಇರಬೇಕು.

ದಿನವೆಂಬುದು ಯಾವಾಗ ಆರಂಭವಾಗುತ್ತದೆ ಎಂಬುದೂ ಯೋಚಿಸತಕ್ಕ ವಿಷಯ. ನಡುರಾತ್ರಿಯೆಂದು ಹೇಳುವುದು ಸುಲಭ. ಆದರೆ ರಾತ್ರಿಪಾಳಿಯಲ್ಲಿ ದುಡಿಯುವವನು ಒಂದು ಗಂಟೆಗೆ ಉಣ್ಣುವ ಊಟ ಯಾವ ದಿನದ್ದು? ವಿದ್ಯಾರ್ಥಿಗಳು ದಿನದ ಆರಂಭವನ್ನು ಬೆಳಗಿನ ಜಾವ ಮೂರು ಗಂಟೆಗೆ ಇಟ್ಟು, ಬೇಕಾದವರು ಬದಲಾಯಿಸಿಕೊಳ್ಳಲಿ ಎಂದರು. ರಂಜಾನಿನ ಸಹರಿಯೂ ಆಗ ಅದೇ ದಿನದ ಲೆಕ್ಕಕ್ಕೆ ಬರುತ್ತದೆ.

7. ಗುರಿಯ ಅಂಕಿ

ಇಷ್ಟರವರೆಗೆ ಹೇಳಿದುದೆಲ್ಲ ಲೆಕ್ಕದ ಶುದ್ಧಿಗೆ ಸಂಬಂಧಿಸಿದುದು. ಲೆಕ್ಕ ಶುದ್ಧವಾಗಿದ್ದೂ ತಂತ್ರಾಂಶವು ಕೇಡು ಮಾಡಬಲ್ಲದು. ಅದು ಹೇಗೆಂಬುದನ್ನು ಒಂದು ನಿಜವಾದ ಪುಟದಿಂದ ತೋರಿಸುತ್ತೇನೆ.

ಪರೀಕ್ಷೆಗಾಗಿ ಕೆಲವರು ಒಂದು ವಾರ ತಮ್ಮ ಊಟವನ್ನು ಕಾಗದದ ಮೇಲೆ ಬರೆದರು. ಅವರಲ್ಲಿ ಒಬ್ಬಳು ಬಿ.ಎ. ಕೊನೆಯ ವರ್ಷದವಳು, ಇಪ್ಪತ್ತು ವರ್ಷದ ಹುಡುಗಿ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುವವಳು. ಅವಳ ಒಪ್ಪಿಗೆ ಪಡೆದು ಒಂದು ದಿನದ ಲೆಕ್ಕವನ್ನು ಕೊಡುತ್ತೇನೆ. ಬೆಳಗ್ಗೆ ಹಾಲು 50 ಗ್ರಾಂ, ಸಕ್ಕರೆ 10 ಗ್ರಾಂ ಹಾಕಿದ ಚಹ: 73.3. ದಾರಿಯಲ್ಲಿ ಒಂದು ಬಾಳೆಹಣ್ಣು, 60 ಗ್ರಾಂ: 69.6. ಮಧ್ಯಾಹ್ನ ಡಬ್ಬಿಯಲ್ಲಿ 75 ಗ್ರಾಂ ಅಕ್ಕಿಯ ಅನ್ನ, 15 ಗ್ರಾಂ ಬೇಳೆಯ ಸಾರು, 5 ಗ್ರಾಂ ಎಣ್ಣೆ: 354. ರಾತ್ರಿ 120 ಗ್ರಾಂ ಹಿಟ್ಟಿನ ಮುದ್ದೆ, 20 ಗ್ರಾಂ ಬೇಳೆಯ ಸಾರು, 5 ಗ್ರಾಂ ಎಣ್ಣೆ: 505.6. ಒಟ್ಟು 1,002.5, ಎಂದರೆ ಸುಮಾರು 1,000.

ಮಾರುಕಟ್ಟೆಯ ಮಾದರಿಯನ್ನು ಅನುಸರಿಸಿ, ತೂಕ ಇಳಿಸುವವರ ಬಾಯಲ್ಲಿ ಬಹಳವಾಗಿ ಕೇಳಿಬರುವ 1,200 ಎಂಬ ಅಂಕಿಯನ್ನು ಎಲ್ಲ ಹೆಣ್ಣುಮಕ್ಕಳಿಗೂ ಗುರಿಯಾಗಿ ಇಟ್ಟಿದ್ದೇವೆಂದು ಭಾವಿಸಿ. ಆಗ ತಂತ್ರಾಂಶ ಏನು ಹೇಳುತ್ತದೆ? ಹಸಿರು ಬಣ್ಣದಲ್ಲಿ ‘ಶಭಾಷ್! ಇನ್ನೂ 200 ಉಳಿಸಿದ್ದೀರಿ’ ಎನ್ನುತ್ತದೆ. ಲೆಕ್ಕದಲ್ಲಿ ಒಂದು ಚೂರೂ ತಪ್ಪಿಲ್ಲ. ಆದರೆ ಹಸಿದು ಬಸ್ಸು ಹತ್ತುವ ಹುಡುಗಿಗೆ ಯಂತ್ರವೊಂದು ಶಭಾಷ್‌ಗಿರಿ ಕೊಡುತ್ತಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆಗಳು 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ, 55 ಕಿಲೋ ತೂಕದ ವಯಸ್ಕ ಮಹಿಳೆಗೆ ಕುಳಿತು ಮಾಡುವ ಕೆಲಸವಿದ್ದರೆ 1,660, ಮಧ್ಯಮ ಶ್ರಮಕ್ಕೆ 2,130, ಕಠಿಣ ಶ್ರಮಕ್ಕೆ 2,720 ಕ್ಯಾಲೊರಿ ಬೇಕು. 65 ಕಿಲೋ ತೂಕದ ಪುರುಷನಿಗೆ ಇದೇ ಕ್ರಮದಲ್ಲಿ 2,110, 2,710, 3,470. ಹದಿನಾರರಿಂದ ಹದಿನೆಂಟು ವರ್ಷದ ಹುಡುಗಿಯರಿಗೆ 2,500 ಎಂದಿದೆ, ಬೆಳೆಯುವ ವಯಸ್ಸು. ನಮ್ಮ ಕಾಲೇಜಿಗೆ ಮೊದಲ ವರ್ಷಕ್ಕೆ ಸೇರುವವರಲ್ಲಿ ಅನೇಕರು ಈ ವಯಸ್ಸಿನವರೇ. ಆದುದರಿಂದಲೇ ‘ವಯಸ್ಕರು’ ಎಂಬ ಒಂದೇ ಗೆರೆ ಸಾಲದು, ಹುಟ್ಟಿದ ದಿನಾಂಕ ಬೇಕು. ಮೇಲೆ ಹೇಳಿದ ಹುಡುಗಿ ಮನೆಯಲ್ಲಿ ನೀರು ಹೊರುವುದನ್ನೂ ಹಸುವಿಗೆ ಹುಲ್ಲು ತರುವುದನ್ನೂ ಬಿಟ್ಟು, ಬರಿಯ ಕುಳಿತ ಕೆಲಸದವಳೆಂದೇ ಎಣಿಸಿದರೂ ಅವಳಿಗೆ ಸುಮಾರು 660 ಕ್ಯಾಲೊರಿ ಸಾಲದು. ಒಂದೇ ಪುಟ, ಒಂದು ಗುರಿಯಿಂದ ನೋಡಿದರೆ ಉಳಿತಾಯ, ಇನ್ನೊಂದರಿಂದ ನೋಡಿದರೆ ಕೊರತೆ.

ಇದನ್ನು ನೋಡಿದ ಮೇಲೆ ವಿದ್ಯಾರ್ಥಿಗಳು ಮೂರು ನಿಯಮಗಳನ್ನು ಬರೆದರು. ಒಂದು: ತೂಕ ಇಳಿಸುವುದೇ ಎಲ್ಲರ ಬಯಕೆಯೆಂದು ಭಾವಿಸಬಾರದು, ಕೇಳಿ ತಿಳಿಯಬೇಕು. ಎರಡು: ಕಡಮೆ ತಿಂದುದಕ್ಕೆ ಹೊಗಳಿಕೆಯಾಗಲಿ, ಹೆಚ್ಚು ತಿಂದುದಕ್ಕೆ ಕೆಂಪು ಗುರುತಾಗಲಿ ಕೂಡದು. ಮೂರು: ಮೂರು ದಿನ ಸತತವಾಗಿ ಕೊರತೆ ಕಂಡರೆ ‘ಸಾಲದು’ ಎಂದು ನೇರವಾಗಿ ಹೇಳಿ, ಕೈಗೆ ಎಟಕುವ ಆಹಾರವನ್ನು ಸೂಚಿಸಬೇಕು. ಮೂವತ್ತು ಗ್ರಾಂ ಕಡಲೆಬೀಜದಲ್ಲಿ 170, ಇಪ್ಪತ್ತು ಗ್ರಾಂ ಬೆಲ್ಲದಲ್ಲಿ 77. ಎರಡೂ ಸೇರಿ ಸುಮಾರು 247 ಕ್ಯಾಲೊರಿ. ಒಂದು ಸಣ್ಣ ಪೊಟ್ಟಣದಲ್ಲಿ ಹಿಡಿಯುವಷ್ಟು ಮಾತ್ರ.

ಹೀಗೆಂದ ಮಾತ್ರಕ್ಕೆ ಕ್ಯಾಲೊರಿಯೇ ಸರ್ವಸ್ವವೆಂದು ತಿಳಿಯಬಾರದು. ರಕ್ತಹೀನತೆಯನ್ನಾಗಲಿ, ಪ್ರೋಟೀನಿನ ಕೊರತೆಯನ್ನಾಗಲಿ ಈ ಅಂಕಿ ತೋರಿಸುವುದಿಲ್ಲ. ಹೊಟ್ಟೆಗೆ ಬಿದ್ದ ಶಕ್ತಿಯೆಷ್ಟು ಎಂಬುದಷ್ಟೇ ಇದರ ವ್ಯಾಪ್ತಿ. ಮಧುಮೇಹ ಮೊದಲಾದ ರೋಗವುಳ್ಳವರು ವೈದ್ಯರ ಮಾತನ್ನೇ ಕೇಳಬೇಕೆಂದು ತಂತ್ರಾಂಶದ ಮೊದಲ ಪುಟದಲ್ಲಿಯೇ ಬರೆದಿರಬೇಕು.

8. ಗೋಪ್ಯ ಮತ್ತು ಪರೀಕ್ಷೆ

ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಮನೆಯ ಮಾನಕ್ಕೆ ಸಂಬಂಧಿಸಿದ ವಿಷಯ. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ ನಮ್ಮ ಸಂಸತ್ತು 2023ರಲ್ಲಿ ಒಂದು ಕಾಯಿದೆಯನ್ನೇ ಮಾಡಿದೆ. ಕಾಯಿದೆ ಇಲ್ಲದಿದ್ದರೂ ಸೌಜನ್ಯವೆಂಬುದು ಇದ್ದೇ ಇದೆ. ಆದುದರಿಂದ ಪ್ರತಿಯೊಬ್ಬರ ಕಿರ್ದಿಯೂ ಅವರವರ ಮೊಬೈಲಿನಲ್ಲಿಯೇ ಉಳಿಯಬೇಕು; ಜಾಲಸಂಪರ್ಕ ಇಲ್ಲದ ಊರಿನಲ್ಲಿಯೂ ಕೆಲಸ ನಡೆಯಬೇಕು; ಅಳಿಸು ಎಂದರೆ ನಿಜವಾಗಿ ಅಳಿಸಬೇಕು. ಹಲವರ ಲೆಕ್ಕವನ್ನು ಒಟ್ಟುಗೂಡಿಸುವುದಾದರೆ, ಒಪ್ಪಿದವರದನ್ನು ಮಾತ್ರ, ಹೆಸರಿಲ್ಲದೆ ಕೂಡಿಸಬೇಕು; ಹತ್ತು ಮಂದಿಗಿಂತ ಕಡಮೆಯಿದ್ದರೆ ಸರಾಸರಿಯನ್ನು ತೋರಿಸಲೇಬಾರದು. ಇಬ್ಬರ ಸರಾಸರಿಯಲ್ಲಿ ಒಬ್ಬನಿಗೆ ತನ್ನದು ಗೊತ್ತಿದ್ದರೆ ಇನ್ನೊಬ್ಬನದನ್ನು ಕಂಡುಹಿಡಿಯುವುದು ಎಷ್ಟರ ಮಾತು?

ಪರೀಕ್ಷೆಯ ಪ್ರಶ್ನೆಗಳನ್ನು ತಂತ್ರಾಂಶ ಬರೆಯುವ ಮೊದಲೇ ಬರೆದಿಡಬೇಕು. ಆಮೇಲೆ ಬರೆದರೆ ಉತ್ತರಕ್ಕೆ ತಕ್ಕಂತೆ ಪ್ರಶ್ನೆಯನ್ನು ತಿದ್ದುವ ಚಪಲ ಹುಟ್ಟುತ್ತದೆ. ನಮ್ಮ ಪಟ್ಟಿಯಲ್ಲಿ ಕೆಲವು: ಅಳತೆಯ ಜಾಗದಲ್ಲಿ ಸೊನ್ನೆಗಿಂತ ಕಡಮೆ ಸಂಖ್ಯೆ ಬರೆದರೆ ಏನಾಗಬೇಕು? ‘ಅರ್ಧ ಮುದ್ದೆ’ ಎಂದರೆ? ಗೋವಿನಜೋಳ ಎಂದು ಹುಡುಕಿದರೆ ಮೆಕ್ಕೆಜೋಳ ಸಿಗುತ್ತದೆಯೆ? ಒಂದು ಮುದ್ದೆಗೆ ಎರಡು ಸಾವಿರ ಕ್ಯಾಲೊರಿ ಬಂದರೆ ತಂತ್ರಾಂಶ ಸಂದೇಹಪಡುತ್ತದೆಯೆ? ಮೇಲಿನ ಹುಡುಗಿಯ ದಿನಕ್ಕೆ ಸುಮಾರು 1,000 ಎಂದೇ ಬರುತ್ತದೆಯೆ? ಈ ಕೊನೆಯ ಲೆಕ್ಕವನ್ನು ಕೈಯಿಂದ ಮಾಡಿಟ್ಟಿರುವುದರಿಂದ ಅದೇ ನಮ್ಮ ಒರೆಗಲ್ಲು.

ಈ ಯೋಜನೆ ಈಗ ಇಪ್ಪತ್ತೆರಡು ಪುಟಗಳ ಒಂದು ನೋಟುಪುಸ್ತಕದಲ್ಲಿದೆ. ತಂತ್ರಾಂಶದ ರಚನೆ ಈ ವರ್ಷ ಆರಂಭವಾಗಿದೆ. ನಡುವೆ ಇನ್ನೊಂದು ಕೆಲಸವೂ ಹುಟ್ಟಿಕೊಂಡಿತು. ಕಾಗದದ ಮೇಲೆ ಬರೆದ ಹದಿನಾಲ್ಕು ಮಂದಿಯ ಪುಟಗಳಲ್ಲಿ, ಮೊದಲ ಪೀರಿಯಡ್ಡಿಗೆ ಮುಂಚೆ ಚಹ ಬಿಟ್ಟು ಬೇರೇನೂ ತಿನ್ನದ ದಿನಗಳೇ ಹೆಚ್ಚಾಗಿದ್ದವು. ಕ್ಯಾಂಟೀನು ತೆರೆಯುವುದು ಎರಡನೆಯ ಪೀರಿಯಡ್ಡಿನ ಮೇಲೆ. ಹೆಸರುಗಳಿಲ್ಲದ ಆ ಒಟ್ಟು ಲೆಕ್ಕವನ್ನು ಪ್ರಾಂಶುಪಾಲರ ಮುಂದಿಟ್ಟು, ಬೆಳಗಿನ ಹೊತ್ತು ಕಡಲೆಬೀಜ, ಬೆಲ್ಲ, ಇಡ್ಲಿಯಂಥ ಏನಾದರೂ ಅಗ್ಗದ ಬೆಲೆಗೆ ದೊರೆಯುವಂತೆ ಮಾಡಬೇಕೆಂದು ವಿದ್ಯಾರ್ಥಿಗಳು ಕೋರಿದ್ದಾರೆ. ತಂತ್ರಾಂಶ ಇನ್ನೂ ಹುಟ್ಟಿಲ್ಲ. ಅದರ ಯೋಜನೆಯೇ ಒಂದು ಅರ್ಜಿಯನ್ನು ಬರೆಸಿದೆ.

ಓದುಗ ಮಿತ್ರರಲ್ಲಿ ಆಸಕ್ತಿಯುಳ್ಳವರು ಒಂದು ಅಭ್ಯಾಸವನ್ನು ಮಾಡಿನೋಡಬಹುದು. ಒಂದು ನೋಟುಪುಸ್ತಕದಲ್ಲಿ ಏಳು ದಿನ, ತಿಂದದ್ದನ್ನು ತಿಂದ ಅಳತೆಯಲ್ಲಿಯೇ ಬರೆಯಿರಿ; ಕ್ಯಾಲೊರಿಯನ್ನು ಬರೆಯಬೇಡಿ. ಎಂಟನೆಯ ದಿನ ಕೋಷ್ಟಕವನ್ನು ಹಿಡಿದು ಲೆಕ್ಕಮಾಡಿ. ಸಾಧ್ಯವಾದರೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಣ್ಣುವವರ ಪುಟವನ್ನೂ ಅವರನ್ನು ಕೇಳಿ ಬರೆಯಿರಿ. ಎರಡು ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ, ನೀವು ರಚಿಸಬೇಕಾದ ತಂತ್ರಾಂಶ ಯಾವ ಪ್ರಶ್ನೆಗೆ ಉತ್ತರ ಹೇಳಬೇಕೆಂಬುದು ನಿಮಗೇ ಹೊಳೆಯುತ್ತದೆ.